ಸಿಗ್ನಲ್ ಹೋದಾಗ ಏನಾಗಬೇಕು

ಆ ವಿಮಾನದ ರೆಕ್ಕೆ ನಾನು ಎರಡೂ ಕೈ ಚಾಚಿದರೂ ಮುಗಿಯುತ್ತಿರಲಿಲ್ಲ. ಹಗುರ ಕಟ್ಟಿಗೆಯ ಮೈ, ಅದರ ಮೇಲೆ ಬಿಗಿದು ಅಂಟಿಸಿದ ತೆಳು ಬಟ್ಟೆ, ಮುಂದೆ ಮುಷ್ಟಿ ಗಾತ್ರದ ಎಂಜಿನ್ನು, ಅದಕ್ಕೊಂದು ಕಟ್ಟಿಗೆಯ ಪಂಖ. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ‘ಸೇಠ್‌ಜಿ ಆಟಿಕೆ’ ಎನ್ನುತ್ತಿದ್ದರು. ಮೊದಲ ಸಲ ಎಂಜಿನ್ನು ಚಾಲೂ ಮಾಡಿದ ದಿನ ಪಂಖಕ್ಕೆ ತಾಗಿದ ಬಿದಿರುಕಡ್ಡಿಯೊಂದು ತುಂಡಾಗಿ ಹಾರಿ ಎದುರು ಗೋಡೆಯ ಸುಣ್ಣ ಕಿತ್ತಿತು. ಅಂದಿನಿಂದ ನಾನು ಅದನ್ನು ಆಟಿಕೆ ಎನ್ನುವುದನ್ನು ಬಿಟ್ಟೆ.

ಎಂಬತ್ತರ ದಶಕದ ನಡುವಿನ ಮಾತಿದು. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಠಾಣೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಕಳವಾ ದಾಟಿ ರಬಾಳೆಗೆ ಹೋಗುತ್ತಿದ್ದೆ. ನಮ್ಮ ಕಾರ್ಖಾನೆಯಲ್ಲಿ ಮೋಟರುಗಳ ಕಂಟ್ರೋಲ್ ಪ್ಯಾನೆಲ್ ತಯಾರಾಗುತ್ತಿತ್ತು. ನಾನು ಟೆಸ್ಟಿಂಗ್ ಬೆಂಚಿನಲ್ಲಿ ಕೆಲಸಕ್ಕಿದ್ದೆ. ರೇಡಿಯೋದಿಂದ ನಡೆಯುವ ವಿಮಾನ ಹಾರಿಸುವುದು ನಮ್ಮ ಸೇಠ್‌ಜಿಯ ಹವ್ಯಾಸ. ಹೊರದೇಶದಿಂದ ತರಿಸಿದ ರೇಡಿಯೋ ಸೆಟ್ಟು ಅವರದು, ಆದರೆ ಕೈ ನಡುಗುತ್ತಿದ್ದುದರಿಂದ ಹಾರಿಸುವವರು ಮಾತ್ರ ನಮ್ಮ ಫೋರ್‌ಮನ್. ಉಡುಪಿ ಕಡೆಯವರು, ವಾಯುಪಡೆಯಲ್ಲಿ ರೇಡಿಯೋ ರಿಪೇರಿ ಮಾಡಿ ನಿವೃತ್ತರಾಗಿ ಬಂದವರು. ಮಾತು ಕಡಿಮೆ. ಎರಡು ಬೆರಳುಗಳಲ್ಲಿ ರೇಡಿಯೋ ಡಬ್ಬಿಯ ಕಡ್ಡಿ ಹಿಡಿದು ವಿಮಾನವನ್ನು ಗಾಳಿಯಲ್ಲಿ ಮಗುವಿನಂತೆ ತಿರುಗಿಸುತ್ತಿದ್ದರು.

ಮಳೆಗಾಲ ಮುಗಿದ ಮೇಲಿನ ಒಂದು ಬೆಳಿಗ್ಗೆ ಸೇಠ್‌ಜಿ ನನ್ನ ಬೆಂಚಿನ ಬಳಿ ಬಂದು ನಿಂತರು. ಹಿಂದಿನ ವರ್ಷ ಅವರ ಮೊದಲ ವಿಮಾನದ ಸಿಗ್ನಲ್ಲು ಗಾಳಿಯಲ್ಲೇ ತಪ್ಪಿ, ಅದು ತನ್ನ ಪಾಡಿಗೆ ನೇರ ಹೋಗಿ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಹೂತುಹೋಗಿತ್ತು. ಈ ಸಲ ಹಾಗಾಗಬಾರದು. ಕಾರ್ಖಾನೆಯ ವಾರ್ಷಿಕ ದಿನ ಮುಂಬಯಿಯಿಂದ ಅತಿಥಿಗಳು ಬರುವವರಿದ್ದರು. ಅವರ ಎದುರು ಹೊಸ ವಿಮಾನ ಹಾರಬೇಕಿತ್ತು.

“ಸಿಗ್ನಲ್ ಗಯಾ ತೋ ಜಹಾಜ್ ಅಪನೇ ಆಪ್ ಸಂಭಲ್ ಜಾಯೇ,” ಎಂದರು. “ಐಸಾ ಕುಛ್ ಬನಾವೋ, ಬಾಯಿ.”

ಹೆಂಗಸರನ್ನು ಅವರು ‘ಬಾಯಿ’ ಎಂದೇ ಕರೆಯುತ್ತಿದ್ದರು. ಸಿಗ್ನಲ್ಲು ಹೋದರೆ ವಿಮಾನ ತಾನೇ ಸಾವರಿಸಿಕೊಳ್ಳಬೇಕು. ಕೇಳಲು ಸುಲಭವಾದ ಕೆಲಸ. ಎರಡು ವಾರ ಸಾಕೆಂದು ನಾನೂ ಅಂದುಕೊಂಡೆ.

ಕೆಲಸದ ಸ್ವರೂಪ ಹೀಗಿತ್ತು. ಫೋರ್‌ಮನ್ ಕೈಯಲ್ಲಿರುವ ಡಬ್ಬಿ ಸೆಕೆಂಡಿಗೆ ಐವತ್ತು ಸಲ ವಿಮಾನಕ್ಕೆ ಸಂದೇಶ ಕಳಿಸುತ್ತದೆ. ಪ್ರತಿ ಸಂದೇಶದಲ್ಲಿ ನಾಲ್ಕೈದು ಚಿಕ್ಕ ಮಿಡಿತಗಳು, ಆಮೇಲೆ ಸ್ವಲ್ಪ ಹೊತ್ತು ಮೌನ. ಮತ್ತೆ ಮಿಡಿತ, ಮತ್ತೆ ಮೌನ. ವಿಮಾನದ ಹೊಟ್ಟೆಯಲ್ಲಿರುವ ರಿಸೀವರು ಆ ಮಿಡಿತಗಳನ್ನು ಬಿಡಿಸಿ ಸರ್ವೋಗಳಿಗೆ ಹಂಚುತ್ತದೆ. ಸರ್ವೋ ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟರು. ಒಂದು ಎಂಜಿನ್ನಿನ ವೇಗ ತಿರುಗಿಸುತ್ತದೆ, ಒಂದು ಬಾಲವನ್ನು ಎಡಬಲಕ್ಕೆ, ಒಂದು ಹಿಂಬದಿಯ ಅಡ್ಡ ಹಲಗೆಯನ್ನು ಮೇಲೆ ಕೆಳಗೆ. ನಾನು ರಿಸೀವರಿಗೂ ಸರ್ವೋಗಳಿಗೂ ನಡುವೆ ಒಂದು ಚಿಕ್ಕ ಬೋರ್ಡು ಕೂರಿಸಬೇಕಿತ್ತು. ಮಿಡಿತ ಬರುತ್ತಿರುವವರೆಗೆ ಅದು ಸುಮ್ಮನಿರಬೇಕು. ಅರ್ಧ ಸೆಕೆಂಡು ಮಿಡಿತ ನಿಂತರೆ ಎಂಜಿನ್ನನ್ನು ತಾನೇ ಇಳಿಸಿ, ಬಾಲವನ್ನು ತುಸು ಎಡಕ್ಕೆ ಹಿಡಿಯಬೇಕು. ಆಗ ವಿಮಾನ ದೂರ ಓಡದೆ ಅಲ್ಲೇ ಸುತ್ತುತ್ತ ಮೆಲ್ಲಗೆ ಇಳಿಯುತ್ತದೆ.

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಐಸಿಗಳನ್ನು ತಂದೆ. ಎರಡು ಬೆರಳಷ್ಟು ಅಗಲದ ಬೋರ್ಡಿನಲ್ಲಿ ಎಲ್ಲ ಕೂರಿಸಿದೆ. ಎಂಜಿನ್ನಿಗೊಂದು, ಬಾಲಕ್ಕೊಂದು ಪ್ರಿಸೆಟ್. ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸಿದರೆ, ಸಿಗ್ನಲ್ ಹೋದಾಗ ಸರ್ವೋ ಎಲ್ಲಿಗೆ ಹೋಗಿ ನಿಲ್ಲಬೇಕೆಂದು ನಿರ್ಧಾರವಾಗುತ್ತದೆ. ಹೊಂದಿಸಿದ್ದು ಎಂಜಿನ್ನಿನ ನಡುಕಕ್ಕೆ ಸರಿಯದಂತೆ ಪ್ರಿಸೆಟ್ಟಿನ ಮೇಲೆ ಉಗುರಿನ ಬಣ್ಣದ ಒಂದು ಹನಿ.

ನಮ್ಮ ಕೈಗಾರಿಕಾ ಪಟ್ಟಿಯಲ್ಲಿ ಶುಕ್ರವಾರ ವಾರದ ರಜೆ. ಕಾರ್ಖಾನೆಗಳೆಲ್ಲ ಬಂದ್ ಇರುತ್ತಿದ್ದವು, ಲಾರಿಗಳಿರುತ್ತಿರಲಿಲ್ಲ. ಹಿಂದಿನ ಗೋಡೆಯಾಚೆ ಖಾಡಿಯವರೆಗೂ ಹುಲ್ಲುಬಯಲು. ಆ ಬಯಲಿನಲ್ಲಿ ಸತತ ಮೂರು ಶುಕ್ರವಾರ ಪರೀಕ್ಷೆ ಮಾಡಿದೆವು. ಮೊದಲು ವಿಮಾನವನ್ನು ಗೂಟಕ್ಕೆ ಕಟ್ಟಿ, ಡಬ್ಬಿಯ ಸ್ವಿಚ್ಚು ಆರಿಸಿ ನೋಡಿದೆವು: ಅರ್ಧ ಸೆಕೆಂಡಿಗೆ ಎಂಜಿನ್ನಿನ ಸದ್ದು ಇಳಿಯಿತು, ಬಾಲ ಎಡಕ್ಕೆ ತಿರುಗಿತು. ಸ್ವಿಚ್ಚು ಹಾಕಿದರೆ ಮತ್ತೆ ಫೋರ್‌ಮನ್ ಕೈಗೆ ಬಂತು. ಆಮೇಲೆ ಸಿಗ್ನಲ್ಲು ಎಲ್ಲಿಯವರೆಗೆ ತಲುಪುತ್ತದೆಂದು ನೋಡಲು ಡಬ್ಬಿಯ ಆ್ಯಂಟೆನಾ ಮಡಚಿ ಹಿಡಿದು ನಾನು ಹೆಜ್ಜೆ ಎಣಿಸುತ್ತ ದೂರ ನಡೆದೆ. ಮೂರನೆಯ ಶುಕ್ರವಾರ ಗಾಳಿಯಲ್ಲೇ ಸ್ವಿಚ್ಚು ಆರಿಸಿದೆವು. ವಿಮಾನ ಒಂದು ಸುತ್ತು, ಎರಡು ಸುತ್ತು ಹಾಕುತ್ತ ಇಳಿಯತೊಡಗಿತು. ಫೋರ್‌ಮನ್ ಸ್ವಿಚ್ಚು ಹಾಕಿ ಅದನ್ನು ಎತ್ತಿಕೊಂಡು ನೆಲಕ್ಕೆ ತಂದರು.

“ಒಳ್ಳೇದಾಯ್ತು,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಸೇಠ್‌ಜಿ ಪೇಢೆ ಹಂಚಿದರು.

ಮುಂದಿನ ಬುಧವಾರ, ಕೆಲಸದ ದಿನ, ಬೆಂಚಿನ ಮೇಲೆ ವಿಮಾನವಿಟ್ಟು ಸೆಟ್ಟು ಚಾಲೂ ಮಾಡಿದ್ದೆ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದಷ್ಟೇ ನೋಡಬೇಕಿತ್ತು. ಡಬ್ಬಿ ಮೇಜಿನ ಆ ತುದಿಯಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ವಿಮಾನದ ಬಾಲ ಅಲುಗಿತು.

ನಾನು ಕೈ ತಗಲಿರಬೇಕೆಂದುಕೊಂಡೆ. ಮತ್ತೆ ಅಲುಗಿತು. ಈ ಸಲ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಜ್ವರ ಬಂದವರ ಹಾಗೆ. ಎಂಜಿನ್ನಿನ ಸರ್ವೋ ಪೂರ್ತಿ ವೇಗದ ಕಡೆಗೆ ಓಡಿ ಹಿಂದೆ ಬಂತು. ಮೂರು ನಾಲ್ಕು ಸೆಕೆಂಡು ಹೀಗಾಗಿ ಎಲ್ಲ ಶಾಂತವಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ.

ನನಗೆ ಹೆದರಿಕೆಯಾದದ್ದು ಬಾಲ ಅಲುಗಿದ್ದಕ್ಕಲ್ಲ. ಆ ಮೂರು ನಾಲ್ಕು ಸೆಕೆಂಡಿನಲ್ಲಿ ನನ್ನ ಬೋರ್ಡು ಏನೂ ಮಾಡಲಿಲ್ಲ. ಎಲ್ಲ ಸರಿಯಾಗಿದೆ ಎಂಬಂತೆ ಸುಮ್ಮನೆ ಕೂತಿತ್ತು.

ನಾಲ್ಕೈದು ದಿನ ನಾನು ತಪ್ಪು ಜಾಗದಲ್ಲಿ ಹುಡುಕಿದೆ. ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ. ಬ್ಯಾಟರಿ ಬದಲಿಸಿದೆ, ಕ್ರಿಸ್ಟಲ್ ಬದಲಿಸಿದೆ, ರಿಸೀವರಿನ ತಂತಿಯನ್ನು ಬೇರೆ ದಾರಿಯಲ್ಲಿ ಎಳೆದೆ. ಒಮ್ಮೆ ಸರಿಹೋಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಅಲುಗುತ್ತಿತ್ತು. ನಡುವೆ ಶುಕ್ರವಾರ ಬಂತು, ಬಯಲಿಗೆ ಒಯ್ದು ನೋಡಿದರೆ ಒಂದು ಸಲವೂ ಅಲುಗಲಿಲ್ಲ. ಶನಿವಾರ ಬೆಂಚಿಗೆ ತಂದರೆ ಮತ್ತೆ ಅದೇ ಜ್ವರ. ರಾತ್ರಿ ಅಡಿಗೆ ಮಾಡುತ್ತಿರುವಾಗಲೂ ಆ ಬಾಲವೇ ಕಣ್ಣೆದುರು. ಅನ್ನ ತಳ ಹಿಡಿದದ್ದು ಗೊತ್ತಾಗಲಿಲ್ಲ.

ದಾರಿ ತೋರಿದ್ದು ಊಟದ ಹೊತ್ತು. ಸೋಮವಾರ ಫೋರ್‌ಮನ್ನರೂ ನನ್ನ ಜತೆ ಕೂತು ನೋಡುತ್ತಿದ್ದರು. ಹನ್ನೆರಡೂವರೆಗೆ ಊಟದ ಭೋಂಗಾ, ಕಾರ್ಖಾನೆಯ ಸೈರನ್ನು, ಕೂಗಿತು. ಅಲುಗುವುದು ನಿಂತಿತು. ನಾವು ಬುತ್ತಿ ಬಿಚ್ಚಿ ಉಂಡೆವು, ಅದು ಅಲುಗಲಿಲ್ಲ. ಒಂದು ಗಂಟೆಗೆ ಮತ್ತೆ ಭೋಂಗಾ. ಎರಡು ನಿಮಿಷಕ್ಕೆ ಬಾಲ ಮತ್ತೆ ಒದ್ದಾಡಿತು.

ಫೋರ್‌ಮನ್ ಕೈ ತೊಳೆದುಕೊಂಡು ಬಂದು ನಿಂತರು. “ಇದು ನಿಮ್ಮ ಬೋರ್ಡಿನ ದೋಷ ಅಲ್ಲ ಮಾರಾಯ್ರೆ. ಇದಕ್ಕೆ ಊಟದ ಹೊತ್ತು ಗೊತ್ತುಂಟು. ಯಾರೋ ಮನುಷ್ಯರು ಮಾಡ್ತಾ ಇದ್ದಾರೆ.”

ರಿಸೀವರು, ಒಂದು ಸರ್ವೋ, ಬ್ಯಾಟರಿ ಇಷ್ಟನ್ನು ಒಂದು ಚಪ್ಪಟೆ ಡಬ್ಬಿಯಲ್ಲಿಟ್ಟುಕೊಂಡು ನಾನು ಹೊರಗೆ ನಡೆದೆ. ಗೇಟಿನ ಕಡೆ ಹೋದರೆ ಸರ್ವೋ ಕಡಿಮೆ ಅಲುಗುತ್ತಿತ್ತು, ಪೂರ್ವದ ಗೋಡೆಯ ಕಡೆ ಹೋದರೆ ಜಾಸ್ತಿ. ಗೋಡೆಯಾಚೆ ಇನ್ನೊಂದು ಶೆಡ್ಡು. ಅಲ್ಲಿ ಹೆಂಗಸರು ಸಾಲಾಗಿ ಕೂತು ಪ್ಲಾಸ್ಟಿಕ್ಕಿನ ರೇನ್‌ಕೋಟು ಜೋಡಿಸುತ್ತಿದ್ದರು. ಹೊಲಿಗೆಯಿಲ್ಲ, ಎರಡು ಹಾಳೆಗಳನ್ನು ಒತ್ತಿ ಹಿಡಿದು ಹೈ ಫ್ರೀಕ್ವೆನ್ಸಿ ಕರೆಂಟಿನಿಂದ ಕರಗಿಸಿ ಅಂಟಿಸುವ ಮಶೀನು. ಒಬ್ಬಾಕೆ ಕಾಲಿನಿಂದ ಪೆಡಲ್ ಒತ್ತಿದಳು. ನನ್ನ ಕೈಯಲ್ಲಿದ್ದ ಸರ್ವೋ ಹುಚ್ಚೆದ್ದಿತು. ಪೆಡಲ್ ಬಿಟ್ಟಳು. ನಿಂತಿತು.

ಅವಳು ನನ್ನ ಡಬ್ಬಿ ನೋಡಿ ನಕ್ಕು, “ಕಾಯ್ ಗ, ತುಝಂ ಖೇಳಣಂ ನಾಚತಂಯ್?” ಎಂದಳು. ನಿನ್ನ ಆಟಿಕೆ ಕುಣಿಯುತ್ತಿದೆಯೇನೇ ಎಂದು.

ಆ ಮಶೀನು ಕೆಲಸ ಮಾಡುವ ಫ್ರೀಕ್ವೆನ್ಸಿಯೂ ನಮ್ಮ ವಿಮಾನದ ರೇಡಿಯೋದ್ದೂ ಹೆಚ್ಚುಕಡಿಮೆ ಒಂದೇ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ; ಅವರ ಮಶೀನು ತನ್ನ ಜಾಗದಲ್ಲಿ ತನ್ನ ಕೆಲಸ ಮಾಡುತ್ತಿತ್ತು. ತಪ್ಪು ನನ್ನ ಎಣಿಕೆಯದು. ಸಿಗ್ನಲ್ ಹೋಗುವುದು ಎಂದರೆ ಮಿಡಿತ ನಿಲ್ಲುವುದು ಎಂದು ತಿಳಿದಿದ್ದೆ. ಆದರೆ ಆ ಮಶೀನಿನ ಗದ್ದಲವೂ ರಿಸೀವರಿಗೆ ಮಿಡಿತದಂತೆಯೇ ಕೇಳುತ್ತಿತ್ತು. ನನ್ನ ಬೋರ್ಡು ಮಿಡಿತ ಎಣಿಸುವ ಕಾವಲುಗಾರ. ಮಿಡಿತ ಬೇಕಾದಷ್ಟು ಬರುತ್ತಿದ್ದವು. ನಾವು ಪರೀಕ್ಷೆ ಮಾಡಿದ್ದೆಲ್ಲ ಶುಕ್ರವಾರ. ಸುತ್ತಲಿನ ಮಶೀನುಗಳೆಲ್ಲ ಮಲಗಿರುತ್ತಿದ್ದ ದಿನ.

ವಾರ್ಷಿಕ ದಿನ ಇದ್ದದ್ದು ಶನಿವಾರ. ಹನ್ನೆರಡು ದಿನ ಬಾಕಿ.

ಸೇಠ್‌ಜಿಗೆ ಹೇಳಿದೆ. ಅವರು ಪಕ್ಕದ ಮಾಲಕರಿಗೆ ಫೋನು ಹಚ್ಚಿ, ಆ ದಿನ ಅರ್ಧ ಗಂಟೆ ಮಶೀನು ನಿಲ್ಲಿಸಲು ಒಪ್ಪಿಸಿದರು. “ಹೋ ಗಯಾ,” ಮುಗಿಯಿತು, ಎಂದು ಕೈ ಕೊಡವಿದರು. ಈ ಪಟ್ಟಿಯಲ್ಲಿ ಇಂಥ ಮಶೀನುಗಳು ಇನ್ನೆಷ್ಟಿವೆಯೋ ಯಾರಿಗೆ ಗೊತ್ತು ಎಂದೆ. ಅದಕ್ಕೇ ತಾನೆ ನೀನಿರುವುದು ಎಂದರು.

ಬೋರ್ಡನ್ನು ಹೊಸದಾಗಿ ಯೋಚಿಸಿದೆ. ಗದ್ದಲ ಮಿಡಿತವನ್ನು ನಕಲು ಮಾಡಬಲ್ಲದು, ಆದರೆ ಮಿಡಿತಗಳ ನಡುವಿನ ಮೌನವನ್ನು ಮಾಡಲಾರದು. ಗದ್ದಲಕ್ಕೆ ಮೌನ ಗೊತ್ತಿಲ್ಲ. ಹಾಗಾದರೆ ನನ್ನ ಬೋರ್ಡು ಮಿಡಿತವನ್ನಲ್ಲ, ಆ ಮೌನವನ್ನು ಕಾಯಬೇಕು. ಸೆಕೆಂಡಿಗೆ ಐವತ್ತು ಸಲ ಆ ಚಿಕ್ಕ ಮೌನ ಬರುತ್ತಿದ್ದರೆ ಡಬ್ಬಿ ಮಾತಾಡುತ್ತಿದೆ. ಮೌನವೇ ಬರದಿದ್ದರೆ ಗದ್ದಲ. ಮೌನ ಮುಗಿಯದೇ ಹೋದರೆ ಸಿಗ್ನಲ್ಲು ಸತ್ತಿದೆ. ಎರಡನ್ನೂ ಒಂದೇ ಸರ್ಕಿಟ್ಟು ಹಿಡಿಯುತ್ತದೆ. ಕಾಲು ಸೆಕೆಂಡು ಸರಿಯಾದ ಲಯ ಕಾಣದಿದ್ದರೆ ಬೋರ್ಡು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ.

ಐದು ದಿನ ಹಿಡಿಯಿತು. ಸ್ಕೋಪಿನ ಪರದೆಯ ಮೇಲೆ ಮಿಡಿತಗಳ ಹಸಿರು ಗೆರೆ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಹೊಸ ಬೋರ್ಡನ್ನು ರೇನ್‌ಕೋಟಿನ ಶೆಡ್ಡಿನ ಬಾಗಿಲಿಗೆ ಒಯ್ದೆ. ಅದೇ ಹೆಂಗಸು ಪೆಡಲ್ ಒತ್ತಿದಳು. ಒಂದು ಸಲ ನಡುಗಿದ ಸರ್ವೋ, ತಾನು ಹೋಗಬೇಕಾದ ಜಾಗಕ್ಕೆ ಹೋಗಿ ಗಟ್ಟಿಯಾಗಿ ನಿಂತಿತು. ಇಪ್ಪತ್ತು ಸಲ ಒತ್ತಿಸಿದೆ. ಇಪ್ಪತ್ತು ಸಲವೂ ನಿಂತಿತು.

ಆ ಸಂತೋಷ ಒಂದೇ ದಿನದ್ದು.

ಮರುದಿನ ಫೋರ್‌ಮನ್ ನನ್ನನ್ನು ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಕಣ್ಣೆಲ್ಲ ವಿಮಾನದ ಮೇಲೆಯೇ ಇದ್ದು, ಆ ಬಯಲಿನ ಅಂಚಿನಲ್ಲಿ ಏನಿದೆಯೆಂದು ನಾವು ಸರಿಯಾಗಿ ನೋಡಿರಲಿಲ್ಲ. ಉತ್ತರದ ತುದಿಯಲ್ಲಿ, ಐರೋಲಿಯ ಕಡೆಗೆ, ಹೊಸ ಕಟ್ಟಡಗಳು ಏಳುತ್ತಿದ್ದವು. ಅವುಗಳ ಮುಂದೆ ಕೂಲಿಯವರ ಗುಡಿಸಲುಗಳು. ಕಲಬುರಗಿ, ರಾಯಚೂರು ಕಡೆಯ ಮಂದಿ. ತಾಡಪತ್ರಿ, ತಗಡು, ಸಿಮೆಂಟಿನ ಖಾಲಿ ಚೀಲ ಹೊಲಿದು ಮಾಡಿದ ಮಾಡು. ಎರಡು ಕಂಬಗಳ ನಡುವೆ ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸಿದ್ದರು. ಎಣಿಸಿದೆ, ಆರು ಜೋಳಿಗೆ.

“ಗಾಳಿ ಖಾಡಿಯಿಂದ ಬರ್ತದೆ,” ಎಂದರು ಫೋರ್‌ಮನ್. “ಮೇಲೆ ಏರಿಸ್ಲಿಕ್ಕೆ ಗಾಳಿಗೆ ಎದುರು ಆಚೆ, ತಿರುಗಿಸ್ಲಿಕ್ಕೆ ಈಚೆ. ಪ್ರತಿ ಸುತ್ತಿನಲ್ಲೂ ಒಂದು ಸಲ ಈ ಗುಡಿಸಲುಗಳ ಕಡೆ ಮುಖ ಮಾಡಿಯೇ ಬರ್ಬೇಕು. ಆಗ ಸಿಗ್ನಲ್ ಹೋದ್ರೆ ನಿಮ್ಮ ಬೋರ್ಡು ಎಂತ ಮಾಡ್ತದೆ?”

“ಎಂಜಿನ್ ಇಳಿಸ್ತದ. ಬಾಲಾ ಸ್ವಲ್ಪ ಎಡಕ್ಕ.”

“ಮೆಲ್ಲ ಇಳೀತದೆ. ಆ ರೆಕ್ಕೆ ಉಂಟಲ್ಲ, ಎಂಜಿನ್ ಇಲ್ಲದಿದ್ರೂ ತೇಲ್ತದೆ. ದೊಡ್ಡ ಸುತ್ತು ಹಾಕ್ತಾ ತೇಲಿಕೊಂಡು ಎಲ್ಲಿಗೆ ಬಂದು ಇಳೀತದೆ ಹೇಳಿ?”

ಇಬ್ಬರೂ ಜೋಳಿಗೆಗಳ ಕಡೆ ನೋಡಿದೆವು. ಐದು ಕಿಲೋ ತೂಕ, ಮುಂದೆ ತಿರುಗುವ ಪಂಖ.

ಗುಡಿಸಲುಗಳ ಬಳಿ ಒಬ್ಬ ಹೆಂಗಸು ಒಲೆಗೆ ಕಟ್ಟಿಗೆ ಸೀಳುತ್ತಿದ್ದಳು. ಮೂವತ್ತರ ಒಳಗಿನವಳು. ಕೂಸುಗಳನ್ನು, ಮುದುಕರನ್ನು ನೋಡಿಕೊಂಡು ಎಲ್ಲರಿಗೂ ಅಡಿಗೆ ಮಾಡುವ ಕೆಲಸ ಅವಳದ್ದಂತೆ. ನನ್ನ ಹುಬ್ಬಳ್ಳಿ ಮಾತು ಕೇಳಿ ಮುಖ ಅರಳಿತು.

“ನಮ್ ಕಡೀವ್ರೇನ್ರೀ ಅಕ್ಕಾರ? ಕುಂದರ್ರಿ.”

ಶನಿವಾರ ಮಧ್ಯಾಹ್ನ ಒಂದರ್ಧ ತಾಸು ಮಕ್ಕಳನ್ನು ಕರೆದುಕೊಂಡು ಬೇರೆ ಕಡೆ ಇರಲಾದೀತೇ ಎಂದು ಕೇಳಿದೆ.

“ಶನಿವಾರ ಸ್ಲ್ಯಾಬ್ ಹಾಕೋದೈತ್ರೀ. ಎಲ್ಲಾ ಮಂದಿ ಮ್ಯಾಲೇ ಇರ್ತದ. ನಾ ಒಬ್ಬಾಕಿ ಆರು ಕೂಸು, ಇಬ್ರು ಮುದುಕ್ಯಾರು ಹಿಡ್ಕೊಂಡು ಎಲ್ಲಿಗಿ ಹೋಗ್ಲಿ? ಒಬ್ಬಾಕಿಗಂತೂ ಜ್ವರ. ಯಾಕ್ರೀ, ಏನಾಗ್ತದ ಶನಿವಾರ?”

“ಒಂದು ಸಣ್ಣ ವಿಮಾನ ಹಾರಸ್ತೇವಿ.”

“ಅಯ್ಯ, ಅದೇನ್ರೀ! ಹಾರಸ್ರಿ. ಹುಡುಗರು ನೋಡ್ತಾವ.”

ಅಂದೇ ಸಂಜೆ ನಾವಿಬ್ಬರೂ ಸೇಠ್‌ಜಿಯ ಕೋಣೆಗೆ ಹೋದೆವು. ಜಾಗ ಬದಲಿಸೋಣ ಎಂದೆವು. ಆಮಂತ್ರಣ ಹೋಗಿದೆ, ಪೆಂಡಾಲು ಹಾಕಿಯಾಗಿದೆ ಎಂದರು. ಹಾಗಾದರೆ ಇನ್ನೊಂದು ದಾರಿ ಇದೆ ಎಂದೆ. ಸಿಗ್ನಲ್ಲು ಹೋದರೆ ವಿಮಾನ ತೇಲಬಾರದು. ಎಂಜಿನ್ನು ಪೂರ್ತಿ ಬಂದ್, ಬಾಲ ಪೂರ್ತಿ ಎಡಕ್ಕೆ, ಹಿಂಬದಿಯ ಹಲಗೆ ಪೂರ್ತಿ ಮೇಲಕ್ಕೆ. ಹಾಗೆ ಮಾಡಿದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು, ವಿಮಾನ ಗಿರಗಿರನೆ ತಿರುಗುತ್ತ ತಾನಿದ್ದ ಜಾಗದ ಕೆಳಗೇ ಬೀಳುತ್ತದೆ. ಮುಂದೆ ಹೋಗುವುದಿಲ್ಲ.

ಸೇಠ್‌ಜಿ ಕನ್ನಡಕ ತೆಗೆದರು. “ಮೈನೇ ಬಚಾನೇ ಕೋ ಬೋಲಾ ಥಾ, ಬಾಯಿ. ಗಿರಾನೇ ಕೋ ನಹೀಂ.” ಉಳಿಸಲು ಹೇಳಿದ್ದು, ಬೀಳಿಸಲು ಅಲ್ಲ. ಅತಿಥಿಗಳ ಎದುರು ಒಂದು ಕ್ಷಣ ಸಿಗ್ನಲ್ಲು ತಪ್ಪಿತೆಂದು ನಮ್ಮದೇ ಬೋರ್ಡು ನಮ್ಮ ವಿಮಾನವನ್ನು ಪುಡಿ ಮಾಡಬೇಕೇ? ತೇಲಿಸುವುದೇ ಇರಲಿ. ಪಕ್ಕದವರು ಮಶೀನು ನಿಲ್ಲಿಸುತ್ತಾರೆ, ಇನ್ನೇನು ಭಯ? ಅವರು ಕೆಟ್ಟ ಮನುಷ್ಯರಲ್ಲ. ಒಂದು ವರ್ಷ ತಮ್ಮ ಕೈಯಾರೆ ಆ ವಿಮಾನದ ಕಡ್ಡಿಗಳನ್ನು ಒಂದೊಂದಾಗಿ ಅಂಟಿಸಿದವರು.

ಗುರುವಾರ ಮಧ್ಯಾಹ್ನ ಬೋರ್ಡಿಗೆ ಮೂರನೆಯ ಪ್ರಿಸೆಟ್ ಕೂರಿಸಿದೆ, ಹಿಂಬದಿಯ ಹಲಗೆಗೆ. ಉಳಿದೆರಡರ ಉಗುರಿನ ಬಣ್ಣ ಕೆರೆದು ತೆಗೆದೆ. ಎಂಜಿನ್ನು ಪೂರ್ತಿ ಕೆಳಗೆ. ಬಾಲ ಪೂರ್ತಿ ಎಡಕ್ಕೆ. ಹಲಗೆ ಪೂರ್ತಿ ಮೇಲಕ್ಕೆ. ಮೂರರ ಮೇಲೂ ಹೊಸ ಹನಿ ಬಿಟ್ಟು ಆರಲು ಬಿಟ್ಟೆ. ಹನ್ನೊಂದು ವರ್ಷದ ನೌಕರಿಯಲ್ಲಿ ಮಾಲಕರು ಬೇಡವೆಂದದ್ದನ್ನು ಹಿಂದಿನಿಂದ ಮಾಡಿದ್ದು ಅದೊಂದೇ.

ಫೋರ್‌ಮನ್‌ಗೆ ಹೇಳದೆ ಇರಲಾಗಲಿಲ್ಲ. ಹಾರಿಸುವವರು ಅವರು.

ಅವರು ಬೋರ್ಡನ್ನು ಕೈಗೆತ್ತಿಕೊಂಡು ಮೂರೂ ಹನಿಗಳನ್ನು ನೋಡಿದರು. “ನಾನು ಕೂಡ ಅದನ್ನೇ ಮಾಡ್ತಿದ್ದೆ ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಸಾಲುದಿಲ್ಲ,” ಎಂದರು. “ಆದ್ರೆ ತೆಗೀರಿ ಅಂತ ಹೇಳುದಿಲ್ಲ. ನೋಡಿ, ಸಿಗ್ನಲ್ ಹೋಗ್ಲಿಕ್ಕಿಲ್ಲ. ಹೋಗ್ಲಿಕ್ಕಿಲ್ಲ.” ಎರಡನೆಯ ಸಲ ಹೇಳಿದ್ದು ತಮಗೇ ಇರಬೇಕು.

ಶನಿವಾರ ಮೂರು ಗಂಟೆಗೆ ಪಕ್ಕದ ಶೆಡ್ಡಿನ ಮಶೀನುಗಳು ನಿಂತವು. ನಾನೇ ಹೋಗಿ ಕಣ್ಣಾರೆ ನೋಡಿ ಬಂದೆ. ಅತಿಥಿಗಳು ಪೆಂಡಾಲಿನ ಕೆಳಗೆ ಕುರ್ಚಿಗಳಲ್ಲಿದ್ದರು. ಎಂಜಿನ್ನು ಚಾಲೂ ಆಯಿತು, ಇಂಧನದಲ್ಲಿ ಬೆರೆಸಿದ ಹರಳೆಣ್ಣೆ ಸುಟ್ಟ ವಾಸನೆ ಹರಡಿತು, ವಿಮಾನ ಹುಲ್ಲಿನ ಮೇಲೆ ಓಡಿ ಎದ್ದಿತು. ಚಪ್ಪಾಳೆ. ಫೋರ್‌ಮನ್ ಖಾಡಿಯ ಕಡೆ ಎತ್ತರಕ್ಕೆ ಒಯ್ದರು, ತಿರುಗಿಸಿದರು. ಒಂದು ಸುತ್ತು. ಎರಡು. ಅವರ ಪಕ್ಕದಲ್ಲೇ ನಿಂತಿದ್ದ ನಾನು ವಿಮಾನ ನೋಡುತ್ತಿರಲಿಲ್ಲ. ಅದು ಮುಖ ಮಾಡುವ ಕಡೆ, ಆ ಮಾಡುಗಳನ್ನು, ಜೋಳಿಗೆಗಳನ್ನು ನೋಡುತ್ತಿದ್ದೆ. ಚಿಕ್ಕ ಮಕ್ಕಳು ಹೊರಗೆ ಬಂದು ಕೈ ಬೀಸುತ್ತಿದ್ದರು.

ಐದನೆಯ ಸುತ್ತಿನಲ್ಲಿ ಸೇಠ್‌ಜಿ ಕೆಳಗೆ ತರಲು ಸನ್ನೆ ಮಾಡಿದರು. ಅತಿಥಿಗಳಿಗೆ ಹತ್ತಿರದಿಂದ ಕಾಣಬೇಕು. ಫೋರ್‌ಮನ್ ಇಳಿಸಿದರು. ವಿಮಾನ ಖಾಡಿಯಿಂದ ತಿರುಗಿ ಉತ್ತರಕ್ಕೆ ಮುಖ ಮಾಡಿತು.

“ಇಲ್ಲ,” ಎಂದರು ಫೋರ್‌ಮನ್. ಮೆಲ್ಲಗೆ. ಆಮೇಲೆ ಜೋರಾಗಿ, “ಇಲ್ಲ! ನನ್ನ ಕೈಯಲ್ಲಿ ಇಲ್ಲ!”

ಅವರ ಎರಡೂ ಬೆರಳು ಕಡ್ಡಿಗಳನ್ನು ಬಲಕ್ಕೆ ಒತ್ತಿ ಹಿಡಿದಿದ್ದವು. ವಿಮಾನ ಬಲಕ್ಕೆ ಹೋಗಲಿಲ್ಲ. ಒಂದು ಸಲ ಮೈ ಕೊಡವಿತು. ಎಂಜಿನ್ನಿನ ಸದ್ದು ಕತ್ತರಿಸಿದಂತೆ ನಿಂತಿತು. ಮೂತಿ ಮೇಲೆದ್ದು, ಎಡ ರೆಕ್ಕೆ ಕುಸಿದು, ಅದು ತಿರುಗಲು ಶುರುಮಾಡಿತು. ಸದ್ದಿಲ್ಲದೆ ತಿರುಗುತ್ತ ಬಿತ್ತು. ಗುಡಿಸಲುಗಳಿಂದ ಈಚೆಗೇ ಬೀಳುತ್ತದೆ ಎಂದು ನನಗೆ ಮೊದಲ ಸುತ್ತಿಗೇ ಗೊತ್ತಾಯಿತು.

ಆಮೇಲೆ ಅದರ ಕೆಳಗಿದ್ದವಳು ಕಂಡಳು.

ತಲೆಯ ಮೇಲೆ ಒಂದು ಕೊಡ, ಕಂಕುಳಲ್ಲಿ ಒಂದು. ನಮ್ಮ ಕಾರ್ಖಾನೆಯ ಹಿಂದಿನ ಗೇಟಿನ ಪಕ್ಕದ ನಲ್ಲಿಯಿಂದ ಬಯಲಿಗೆ ಅಡ್ಡ ಹಾಯ್ದು ಗುಡಿಸಲ ಕಡೆ ಹೋಗುವ ಕಾಲುದಾರಿ. ಗುಡಿಸಲಿನ ಮುಂದೆ ಕಟ್ಟಿಗೆ ಸೀಳುತ್ತಿದ್ದ ಅದೇ ಹೆಂಗಸು. ಎಂಜಿನ್ನು ನಿಂತಿದ್ದುದರಿಂದ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ನಾನು ಕೂಗಿದೆ. ಯಾವ ಭಾಷೆಯಲ್ಲಿ ಕೂಗಿದೆನೋ ನೆನಪಿಲ್ಲ. ಅವಳು ನಿಂತು, ಕೂಗಿದವರು ಯಾರೆಂದು ನನ್ನ ಕಡೆ ತಿರುಗಿದಳು.

ನಿಂತಳು ಎಂಬುದೊಂದೇ ಅವಳು ಉಳಿಯಲು ಕಾರಣ. ವಿಮಾನ ಅವಳ ಮುಂದೆ, ಇನ್ನು ನಾಲ್ಕು ಹೆಜ್ಜೆ ನಡೆದಿದ್ದರೆ ಅವಳಿರುತ್ತಿದ್ದ ಜಾಗದಲ್ಲಿ ನೆಲಕ್ಕೆ ಬಡಿಯಿತು. ಸೌದೆ ಮುರಿದಂಥ ಶಬ್ದ. ಕೊಡಗಳು ಬಿದ್ದವು.

ನಾನು ಓಡಿಹೋದಾಗ ಅವಳು ಒದ್ದೆ ನೆಲದಲ್ಲಿ ಕೂತಿದ್ದಳು. ಮೈಗೆ ಗಾಯವಿರಲಿಲ್ಲ. ಎಂಜಿನ್ನು ಮೊಣಕೈ ಆಳಕ್ಕೆ ಮಣ್ಣಿನಲ್ಲಿ ಹೊಕ್ಕಿತ್ತು. ಅವಳು ಅದನ್ನು ನೋಡಿದಳು, ಗುಡಿಸಲುಗಳ ಕಡೆ ನೋಡಿದಳು, ನನ್ನನ್ನು ನೋಡಿದಳು. ಹಲ್ಲು ಕಟಕಟಿಸುತ್ತಿದ್ದವು. ನಾನು ಅವಳ ಭುಜ ಹಿಡಿದು ಕೂತೆ. ಹಿಂದಿನಿಂದ ಸೇಠ್‌ಜಿ ಬಂದರು, ಫೋರ್‌ಮನ್ ಬಂದರು.

ಮಂಗಳವಾರ ಸೇಠ್‌ಜಿಯ ಕೋಣೆಗೆ ನಾನಾಗಿಯೇ ಹೋಗಿ, ಬೋರ್ಡನ್ನು ಮೇಜಿನ ಮೇಲಿಟ್ಟು, ಮೂರು ಪ್ರಿಸೆಟ್ಟುಗಳನ್ನು ತೋರಿಸಿ, ಏನು ಮಾಡಿದ್ದೆನೆಂದು ಹೇಳಿದೆ. ಅವರಿಗೆ ಆಗಲೇ ಅರ್ಥವಾಗಿತ್ತು. ತೇಲಿಸಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರು. ನಾನು ಬಯಲಿನ ನಕ್ಷೆ ಬರೆದು, ವಿಮಾನವಿದ್ದ ಎತ್ತರ, ದಿಕ್ಕು, ಗಾಳಿ ತೋರಿಸಿ ಗೆರೆ ಎಳೆದೆ. ಗೆರೆ ಎರಡನೆಯ ಮೂರನೆಯ ಗುಡಿಸಲಿನ ನಡುವೆ ಮುಗಿಯಿತು. ಅವರು ಕಾಗದವನ್ನು ಮಡಚಿ ಖಾನೆಯಲ್ಲಿಟ್ಟುಕೊಂಡರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಶಾಬಾಸ್ ಎನ್ನಲೂ ಇಲ್ಲ. ಆ ಬಯಲಿನಲ್ಲಿ ಅವರು ಮತ್ತೆ ವಿಮಾನ ಹಾರಿಸಲಿಲ್ಲ.

ಆ ದಿನ ಗದ್ದಲ ಎಲ್ಲಿಂದ ಬಂತು ಎಂದು ನಾನೂ ಫೋರ್‌ಮನ್ನೂ ಒಂದು ವಾರ ರಿಸೀವರು ಹಿಡಿದು ಸುತ್ತಾಡಿದೆವು. ಸಿಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಆ ಹೆಂಗಸನ್ನು ನೋಡಲು ಶುಕ್ರವಾರ ಹೋದೆ. ಎರಡು ಹೊಸ ಕೊಡ ಒಯ್ದಿದ್ದೆ. ಅವಳು ತೆಗೆದುಕೊಂಡಳು, ಚಹಾ ಮಾಡಿಕೊಟ್ಟಳು. ಏನಾಯಿತೆಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಸಿಗ್ನಲ್ಲು ಹೋದರೆ ಅದು ಅಲ್ಲೇ ಬೀಳುವಂತೆ ನಾನೇ ಮಾಡಿದ್ದೆ, ಇಲ್ಲದಿದ್ದರೆ ಈ ಮಾಡುಗಳ ಮೇಲೆ ಬರುತ್ತಿತ್ತು ಎಂದೆ. ಅವಳು ಜೋಳಿಗೆಯೊಂದನ್ನು ತೂಗುತ್ತ ಕೇಳಿಸಿಕೊಂಡಳು.

“ಅದಕ್ಕ ನಾ ಕಾಣ್ಲಿಲ್ಲೇನ್ರೀ ಅಕ್ಕಾರ?”

“ಇಲ್ಲವ್ವಾ. ಅದಕ್ಕ ಕಣ್ಣಿಲ್ಲ.”

ಅವಳು ಸಿಟ್ಟಿಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದಳು:

“ನಿಮಗರ ಕಂಡಿದ್ನೇನ್ರೀ?”

ನಾನು ಬರೆದ ನಕ್ಷೆಗಳಲ್ಲೆಲ್ಲ ಗುಡಿಸಲುಗಳಿದ್ದವು, ಪೆಂಡಾಲಿತ್ತು, ಖಾಡಿಯಿತ್ತು. ದಿನಾ ನಮ್ಮ ಗೇಟಿನಿಂದ ಅವರ ಒಲೆಯವರೆಗೆ ಸವೆದು ಬೆಳ್ಳಗಾಗಿದ್ದ ಆ ದಾರಿ ಒಂದರಲ್ಲೂ ಇರಲಿಲ್ಲ.

“ನಾ ಗುಡಿಸಲ ನೋಡ್ಕೋತ ನಿಂತಿದ್ದೆ,” ಎಂದೆ.

ಅವಳು ತಲೆಯಾಡಿಸಿದಳು. ಕೂಸು ನಿದ್ದೆ ಹೋಗಿತ್ತು. ಎದ್ದು ಸೆರಗು ಸುತ್ತಿ ಸಿಂಬಿ ಮಾಡಿ, ಹೊಸ ಕೊಡಗಳನ್ನೆತ್ತಿಕೊಂಡು ನೀರಿಗೆ ಹೊರಟಳು. ಅವತ್ತು ಬೀಳುವಂಥದ್ದೇನೂ ಆಕಾಶದಲ್ಲಿರಲಿಲ್ಲ. ಆದರೂ ಬಿದ್ದ ಜಾಗದ ಹತ್ತಿರ ಬಂದಾಗ ಅವಳು ನಿಂತಳು, ತಲೆಯೆತ್ತಿ ಮೇಲೆ ನೋಡಿ, ಆಮೇಲೆ ದಾಟಿದಳು.